ಬಾಲವಿಲ್ಲದ ಮೀನು

ಓರ್ಲೆಮ್ಮಿನ ಮೂರನೆಯ ಮಹಡಿಗೆ ಡಿಸೆಂಬರ್ ಬರುವುದು
ಎಸ್ಪೆರಾನ್ಸ್ ಆಂಟಿಯ ಮಿಕ್ಸರಿನೊಳಗಿಂದ.
ಗರ್‍ರ್... ಮೌನ. ಗರ್‍ರ್... ಮೌನ.
"ಒಂದೇ ಸಮ ತಿರುಗಿಸಿದ್ರೆ ಎಣ್ಣೆ ಬಿಡ್ತದೆ, ನೀಲಾ.
ಗೇರುಬೀಜಕ್ಕೂ ಉಸಿರಾಡ್ಲಿಕ್ಕೆ ಟೈಮು ಬೇಕಲ್ವಾ ಮಾರಾಯ್ತಿ."

ನಾನು ಮದುವೆಯಾಗಿ ಬಂದ ವರ್ಷ
ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ತಟ್ಟೆ,
ಮೇಲೆ ಕ್ರೋಶಾದ ಬಟ್ಟೆ, ಅದರಡಿಗೆ
ಎಲೆ, ಶಂಖ, ಗುಲಾಬಿ,
ಮತ್ತೆ ನಸುಗೆಂಪು ಮೀನುಗಳು.

ಅತ್ತೆ ಗುರುಬಸವ್ವ, ಗದಗಿನವಳು,
ಕೊರಳ ಲಿಂಗವನ್ನೊಮ್ಮೆ ಮುಟ್ಟಿಕೊಂಡು
ಎರಡು ಹೆಜ್ಜೆ ಹಿಂದೆ ಸರಿದಳು.
"ಹಾಲು, ಸಕ್ಕರಿ, ಗೋಡಂಬಿ, ಅಷ್ಟ ಐತ್ರಿ ಅತ್ತಿ."
"ಇರಲಿ ಬಿಡವಾ. ಆದ್ರೂ ಮೀನ."
ಮೂರು ದಿನ ಮೀನು ಡಬ್ಬಿಯಲ್ಲಿ ಈಜಿದವು
ಗುರೆಳ್ಳು ಹಿಂಡಿ, ಶೇಂಗಾ ಹೋಳಿಗೆಗಳ ನಡುವೆ.

ನಾಲ್ಕನೆಯ ಮಧ್ಯಾಹ್ನ, ನನಗೆ ನಿದ್ದೆಯೆಂದುಕೊಂಡು,
ಒಂದನ್ನು ಕಿಟಕಿಯ ಬೆಳಕಿಗೆ ಹಿಡಿದು
ಹಿಂದೆ ಮುಂದೆ ತಿರುವಿ ನೋಡಿದಳು.
"ಬಾಲಾನ ಇಲ್ಲಲ್ಲ!
ಬಾಲ ಇಲ್ಲಂದ್ರ ಅದೆಂಥಾ ಮೀನ?"
ತೀರ್ಪು ಕೊಟ್ಟವಳೂ ತಾನೇ, ಬಾಯಿಗೆ ಹಾಕಿಕೊಂಡವಳೂ ತಾನೇ.
ಆಮೇಲೆ ಇನ್ನೊಂದು.

ಅಚ್ಚು ಹರಿದಿತ್ತು, ಅಷ್ಟೇ.
ಕ್ರಾಫರ್ಡ್ ಮಾರ್ಕೆಟ್ಟಿನ ಹಳೇ ರಬ್ಬರ್ ಅಚ್ಚು.
ಆಂಟಿಯ ಮಗ ಆಲ್ವಿಟೊ ಹಲ್ಲು ಬರುವ ಕಾಲಕ್ಕೆ
ಬಾಲವನ್ನೇ ಕಚ್ಚಿ ಕಿತ್ತಿದ್ದನಂತೆ.
ಅಂದಿನಿಂದ ಎರಡೂ ವಿಂಗಿನ ಮನೆಮನೆಗೆ
ಮೊಂಡು ಮೀನೇ ಹೋಯಿತು, ಯಾರೂ ಕೇಳಲಿಲ್ಲ.
ಮಕ್ಕಳು ಮೀನು ಬಿಡಿಸಿದರೆ
ಡ್ರಾಯಿಂಗ್ ಟೀಚರಿಗೆ ತಲೆಬಿಸಿ.

ತಟ್ಟೆ ಖಾಲಿ ಮರಳಬಾರದು.
ಸಂಕ್ರಾಂತಿಯ ತನಕ ಅದನ್ನು ಕಪಾಟಿನ ಮೇಲಿಟ್ಟು
ಅತ್ತೆ ಸಣ್ಣ ಉರಿಯಲ್ಲಿ ಎಳ್ಳಿಗೆ ಪಾಕ ಚಿಮುಕಿಸಿ
ಬೆರಳಿನಿಂದ ಆಡಿಸಿ, ಆಡಿಸಿ,
ಒಂದೊಂದು ಕಾಳಿಗೂ ಮುಳ್ಳು ಮೂಡಿಸಿ ಕಳಿಸಿದಳು.
ಅವರ ಕುಸ್ವಾರ್, ನಮ್ಮ ಕುಸುರೆಳ್ಳು.
"ಹೆಸರ ಕೇಳಿದ್ರ ಅಕ್ಕತಂಗೇರ ಇದ್ದಂಗ ಅದಾವ," ಅಂದಳು,
ಮೀನಿನ ಮಾತು ಮಾತ್ರ ಎತ್ತಲಿಲ್ಲ.

ಈ ವರ್ಷ ಆಂಟಿಯ ಮಣಿಕಟ್ಟು ನಡುಗುತ್ತದೆ.
ಸೌಟು ನನ್ನ ಕೈಗೆ ಬಂದಿದೆ. ಹಾಲು ಬತ್ತಿ
ಗೋಡಂಬಿ ಬಿದ್ದ ಮೇಲೆ ತಿರುವುವುದು ನಿಲ್ಲಿಸುವಂತಿಲ್ಲ,
ಫೋನು ಬರಲಿ, ಕೊರಿಯರ್ ಬರಲಿ, ಲೋಕಲ್ಲೇ ನಿಂತುಹೋಗಲಿ.
ಅವಳು ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿ,
ಕಿವಿಯಲ್ಲೇ ಹದ ನೋಡುತ್ತಾಳೆ.
"ಇನ್ನೂ ನೀರು ಮಾತಾಡ್ತಾ ಉಂಟು... ಇನ್ನೂ...
ಈಗ ದಪ್ಪ ಸ್ವರ. ಇಳಿಸು, ಇಳಿಸು!"
ಅಂಚು ಬಿಟ್ಟ ಮುದ್ದೆ ಸೌಟಿಗೆ ಜೋತು ಎದ್ದುಬಂತು
ನಿದ್ದೆಗಣ್ಣಿನ ಮಗುವಿನ ಹಾಗೆ.

ಹಳೇ ಅಚ್ಚು ಕೊನೆಗೂ ಒಣಗಿ ಒಡೆದಿತ್ತು.
ಸೊಸೆ ತಂದದ್ದು ಸಿಲಿಕಾನಿನದು, ನೀಲಿ,
ತುಪ್ಪ ಸವರುವುದೂ ಬೇಡ.
ಒತ್ತಿದೆ, ಮಗುಚಿದೆ:
ಹುರುಪೆ, ರೆಕ್ಕೆ, ಕಣ್ಣು,
ಬೀಸಣಿಗೆಯಂತೆ ಅರಳಿದ ಬಾಲ.

ಇಬ್ಬರೂ ನೋಡಿದೆವು. ಚೆನ್ನಾಗಿತ್ತು.
ಕೆಳಗೆ ಯಾರೋ ನಕ್ಷತ್ರಕ್ಕೆ ಬಲ್ಬು ಕಟ್ಟುತ್ತಿದ್ದರು.
ಆಂಟಿ ನಡುಗುವ ಬೆರಳು ಚಾಚಿ
ಬಾಲವನ್ನು ಚಿವುಟಿ ತೆಗೆದಳು.
"ಈಗ ಗುರುಬಸವ್ವ ತಿಂತಾರೆ," ಅಂದಳು.

ಅವಳಿಗೆ ಗೊತ್ತಿತ್ತೇ? ಯಾರು ಹೇಳಿದರು?
ಕೇಳಲಿಲ್ಲ. ನಾನೂ ಚಿವುಟತೊಡಗಿದೆ.
ತಟ್ಟೆಗಳು ತುಂಬಿ, ಬಟ್ಟೆ ಮುಚ್ಚಿ
ಸಾಲಾಗಿ ನಿಂತಾಗ ಓಟೆಯ ಮೇಲೆ ಉಳಿದದ್ದು
ಒಂದು ಬೊಗಸೆ ಬಾಲ.

ಅವನ್ನು ಯಾರಿಗೂ ಕಳಿಸಲಿಲ್ಲ.