ತಿದ್ದು

ಲೀಡ್ಸ್‌ನ ಗ್ರಂಥಾಲಯ, ನೆಲಮಾಳಿಗೆ.
ಸಾರುಲ್ ಗಾಜು ಸರಿಸಿದಳು:
ಅಂಗೈಯಗಲ ಭೂರ್ಜದ ತೊಗಟೆ.
ಕಾರಾಕೋರಮ್ಮಿನದು, ಇರಬಹುದು, ಎಂದಳು.

ಮೇಲಿಂದ ಕೆಳಕ್ಕಿಳಿವ ಅಕ್ಷರ,
ಜೀನು ಬಿಟ್ಟು ನೆಲ ಮುಟ್ಟಿದವರ ಹಾಗೆ.
ಒಂದೇ ಪದ, ಏಳು ಸಲ.
ಐದನೆಯದಕ್ಕೆ ಬಾಲವೇ ಇಲ್ಲ,
ಪಕ್ಕದಲ್ಲಿ ಮಸಿ ಮೆತ್ತಿದ ಪುಟ್ಟ ಹೆಬ್ಬೆರಳು.

ಯಾವ ಪದ?
'ಕುರಿ.' ನಕ್ಕಳು.

ಖಾನನ ರಾಯಸದವರು
ಎಷ್ಟು ಲಿಪಿಗಳಲ್ಲಿ ಎಷ್ಟು ಅಪ್ಪಣೆ ಬರೆದರೋ,
ಯಾವ ಗಾಳಿಗೆ ಹೋದವೋ.
ಇಲ್ಲಿಯವರೆಗೆ ನಡೆದು ಬಂದದ್ದು
ಯಾವನೋ ಹುಡುಗನ ಏಳು ಕುರಿ.

ನಮ್ಮಲ್ಲಿ ತಿದ್ದು ಅಂದರೆ ಎರಡು, ಎಂದೆ:
ಬರೆದುಕೊಟ್ಟದ್ದರ ಮೇಲೇ ಬರೆಬರೆದು ಕಲಿಯುವುದು;
ತಪ್ಪನ್ನು ಸರಿಮಾಡುವುದು.

ಕೇಳಿಸಿತೋ ಇಲ್ಲವೋ.
ಸೀಳಿದ ಅಂಚಿಗೆ ಅಂಟು ಸವರಿದಳು, ಉಸಿರು ಹಿಡಿದು.
ಕುಂಚ ಐದನೆಯ ಕುರಿಯ ಬಳಿ ಬಂತು,

ಸುತ್ತಿ ಹೋಯಿತು.