ಎರಡನೇ ಗೇಟು

ಟ್ಯಾಬು ಅಂತಾರೆ ಅದಕ್ಕೆ. ಚೌಡಮ್ಮ ಮಾತ್ರ
ಹಲಗೆ ಅಂತಾಳೆ. ಸರಿಯಾದ ಮಾತೇ.
ಮೂಲೆಯಲ್ಲಿ ಬಿರುಕು, ಬೆನ್ನು ಬಿಚ್ಚದ ಹಾಗೆ
ಸೈಕಲ್ ಟ್ಯೂಬಿನ ತುಂಡಿನ ಕಟ್ಟು.
ನಾನು ರಿಟೈರಾದ ದಿನ ಗೇಟಿನ ಹುಡುಗರು
ಚಂದಾ ಎತ್ತಿ ಕೊಟ್ಟದ್ದು, ಶಾಲು, ಹಣ್ಣಿನ ಬುಟ್ಟಿಯ ಜೊತೆ.
ಹಣ್ಣು ಎರಡು ದಿನ. ಶಾಲು ಚೌಡಮ್ಮನ ಮಂಡಿನೋವಿಗೆ.
ಇದು ಒಂಬತ್ತು ವರ್ಷ ಬಾಳಿದೆ.

ಭದ್ರಾವತಿ ಬಸ್ ಸ್ಟ್ಯಾಂಡ್ ಎದುರು ರುಬೀನಾಳ ಅಂಗಡಿ.
ಬೆಸುಗೆಯ ಹೊಗೆ ಊದಿ ಸರಿಸಿ ಅಂದಳು:
"ಹಾಲಪ್ಪಣ್ಣ, ಬ್ಯಾಟರಿ ಹಾಕ್ತೀನಿ, ಗಾಜೂ ಹಾಕ್ತೀನಿ.
ಆದರೆ ಕಂಪನಿಯವರು ಇದಕ್ಕೆ
ಅಪ್‌ಡೇಟ್ ನಿಲ್ಲಿಸಿ ನಾಲ್ಕು ವರ್ಷ ಆಯ್ತು.
ಬ್ಯಾಂಕು ಗೀಂಕು ಇದರಲ್ಲಿ ಬೇಡ."

ನನಗೆ ಅಪ್‌ಡೇಟ್ ಗೊತ್ತಿಲ್ಲ. ಪಾಳಿ ಗೊತ್ತು.

ಮೂವತ್ತೊಂದು ವರ್ಷ ಕಬ್ಬಿಣದ ಕಾರ್ಖಾನೆಯ ಎರಡನೇ ಗೇಟು.
ರಾತ್ರಿ ಹತ್ತಕ್ಕೆ ಒಬ್ಬ, ಬೆಳಿಗ್ಗೆ ಆರಕ್ಕೆ ಇನ್ನೊಬ್ಬ.
ಬಂದವನು ಮೊದಲು ಕೇಳೋದು ಕಾಫಿಯಲ್ಲ, ಸುದ್ದಿ:
ಬೇಲಿ ಎಲ್ಲಿ ಸಡಿಲ,
ಯಾವ ಬೀಗಕ್ಕೆ ಕಳ್ಳಕೀಲಿ ಹುಟ್ಟಿದೆ,
ಹೊಳೆ ಕಡೆಯ ಗೋಡೆಯಲ್ಲಿ ಯಾವ ಕಲ್ಲು ಅಲ್ಲಾಡುತ್ತೆ.
ಕೇಳಿಕೊಂಡು, ತಂತಿ ಬಿಗಿದು, ಬೀಗ ಬದಲಿಸಿ,
ಆಮೇಲೆ ಬೀಡಿ.
ಕಳ್ಳ ದಿನಾ ಒಂದು ಹೊಸದು ಕಲೀತಾನೆ.

ಹಾಗಾದರೆ ನಾಲ್ಕು ವರ್ಷದಿಂದ
ಈ ಹಲಗೆಯೊಳಗೆ ಒಬ್ಬನೇ ನಿಂತಿದ್ದಾನೆ,
ರಿಲೀವರ್ ಬಾರದವನು.
ಹಳೇ ಕಳ್ಳರ ಮುಖವೆಲ್ಲ ಅವನಿಗೆ ಬಾಯಿಪಾಠ;
ಹೊಸಬರಿಗೆ ಸೆಲ್ಯೂಟ್ ಹೊಡೆದು
ಒಳಗೆ ಬಿಡುತ್ತಾನೆ.

ಮೊನ್ನೆ ರಾತ್ರಿ ಒಂದು ಸಂದೇಶ:
ನಿಮ್ಮ ಪಿಂಚಣಿ ನಾಳೆಯಿಂದ ಬಂದ್, ಇಲ್ಲಿ ಒತ್ತಿ.
ಮುದ್ರೆ ಇತ್ತು. ಸಿಂಹದ ಗುರುತಿತ್ತು.
ಬೆರಳು ಗಾಜಿನ ಮೇಲೆ ಬಂದು ನಿಂತಿತ್ತು
ಯಾಕೋ ಇಸ್ತ್ರಿ ಮಾಡಿದ ಬಟ್ಟೆಯ ವಾಸನೆ ಬಂದ ಹಾಗಾಯಿತು.

ಒಂದು ಸಲ ಬಂದಿದ್ದ ಹಾಗೊಬ್ಬ, ಜೀಪಿನಲ್ಲಿ.
ಗೆರೆ ಮುರಿಯದ ಇಸ್ತ್ರಿ, ಮಾತಿನಲ್ಲಿ ಅವಸರ.
"ಏನಯ್ಯಾ, ಗೊತ್ತಾಗಲ್ವಾ?" ಅಂದ.
ಗೊತ್ತಾಗಲಿಲ್ಲ. ಸರಳು ಎತ್ತಿದೆ.
ಹೊರಟಾಗ ಹಿಂದಿನ ಟಾರ್ಪಾಲಿನ ಕೆಳಗೆ
ತಾಮ್ರದ ತಂತಿ ಎಷ್ಟಿತ್ತೋ.
ಲೆಕ್ಕ ತಪ್ಪಿದ್ದು ಸಿಕ್ಕಿದ್ದು ಆರು ಗಂಟೆಯ ಮೇಲೆ,
ಗುರುಬಸಪ್ಪನ ಪಾಳಿಯಲ್ಲಿ.
ಮೂರು ತಿಂಗಳ ಸಂಬಳ ಹೋಯಿತು ಅವನದು.
ನನ್ನ ರಿಜಿಸ್ಟರಿನಲ್ಲಿ ನನ್ನದೇ ಅಕ್ಷರ: ಎಲ್ಲ ಸರಿ.

ಬೇಲಿ ಹಾರಿದವರು ಕಡಿಮೆ.
ಬಾಗಿಲು ತೆಗೆಸಿಕೊಂಡು ಬಂದವರೇ ಹೆಚ್ಚು.
ಬೆರಳು ಹಿಂದಕ್ಕೆ ತೆಗೆದೆ.

ಮರುದಿನ ರುಬೀನಾ ಪಕ್ಕದಲ್ಲಿ ಕೂತು
ಬ್ಯಾಂಕು ತೆಗೆದಳು, ಮೇಲು ತೆಗೆದಳು,
ಗುರುತಿನ ಚೀಟಿಯ ಫೋಟೋ, ಪಾಸ್‌ಬುಕ್ಕಿನ ಮೊದಲ ಪುಟ,
ನಾನೇ ಬರೆದಿಟ್ಟು ಮರೆತ ಪಾಸ್‌ವರ್ಡು
(ಚೌಡಮ್ಮನ ಹೆಸರೇ ಅದು, ಅವಳಿಗೆ ಹೇಳಿಲ್ಲ).
ಸರಕು ಸಾಗಿಸಿದ ಗೋಡೌನಿನ ಹಾಗೆ
ಒಳಗೆ ಬರೀ ಬೆಳಕು ಉಳಿಯಿತು.
ಚದುರಂಗ ಇರಲಿ ಅಂದೆ. ಗಡಿಯಾರವೂ.
ವೈಫೈ ಆರಿಸಿದೆವು. ಕ್ಯಾಮೆರಾದ ಕಣ್ಣಿಗೆ
ಚೌಡಮ್ಮನ ಬಿಂದಿ, ಮೆರೂನ್ ಬಣ್ಣದ್ದು.

ಸಂಜೆ ಚೌಡಮ್ಮ ಬಂದು ನಿಂತಳು:
"ತರೀಕೆರೆಯ ತಂಗಿಗೆ ಮಗು ಆಗಿದೆಯಂತೆ ಮೊಮ್ಮಗು,
ಫೋನಿನ ಪರದೆಯಲ್ಲಿ ಕಡಲೆಕಾಳಷ್ಟು ಕಾಣುತ್ತೆ.
ಒಂದೇ ಒಂದು ಸಲ, ಹಲಗೆಯಲ್ಲಿ."
ರೂಲ್ಸ್ ಹೇಳಿದೆ. ಅವಳು ಮೂವತ್ತೊಂದು ವರ್ಷ
ನನ್ನ ಬುತ್ತಿ ಹೊತ್ತು ಗೇಟಿಗೆ ಬಂದವಳು,
ಪಾಸ್ ಇಲ್ಲದೆ.

ಸರಿ, ಐದು ನಿಮಿಷ.

"ಅಕ್ಕ, ನಿನ್ನ ಮುಖವೇ ಇಲ್ಲ, ಬರೀ ಕತ್ತಲು" ಅಂದಳು ತಂಗಿ.
ಚೌಡಮ್ಮ ಬಿಂದಿ ಕಿತ್ತು ಹಣೆಗಿಟ್ಟುಕೊಂಡಳು,
ಕೂದಲು ಸರಿಮಾಡಿಕೊಂಡಳು, ನಕ್ಕಳು.
ನಾನು ಕುರ್ಚಿಯ ಹಿಂದೆ, ಕೈಕಟ್ಟಿ,
ಗೋಡೆಯ ಗಡಿಯಾರ ನೋಡುತ್ತಾ ನಿಂತೆ.
ಮಗು ಆಕಳಿಸಿತು.

ಆರು ನಿಮಿಷವಾಯಿತು, ಬಿಟ್ಟೆ.
ಆಮೇಲೆ ಅವಳೇ ಹಣೆಯಿಂದ ತೆಗೆದು,
ಅಂಟು ಸಾಲದ್ದಕ್ಕೆ ಉಗುಳು ಹಚ್ಚಿ,
ಕಣ್ಣಿಗೆ ಒತ್ತಿದಳು.