ಐವರಲ್ಲಿ ಮೂವರು

ಬೇಲಿಯೇ ಎದ್ದು ಹೊಲ ಮೇಯ್ದ ಮರುವರ್ಷ
ಅವರು ನನ್ನನ್ನು ಚಿಲೊಯೆ ದ್ವೀಪಕ್ಕೆ ಕರೆಸಿದರು.
ಖಜಾಂಚಿ ಓಡಿಹೋಗಿದ್ದ; ಉಳಿದದ್ದು ಖಾಲಿ ಪಾಸ್‌ಬುಕ್ಕು,
ಪಚ್ಚಿಲೆ ಚಿಪ್ಪು ಸಾಕುವ ಇಪ್ಪತ್ತಾರು ಮನೆ.
‘ಇನ್ನು ಒಬ್ಬರ ಕೈಗೆ ಬೀಗ ಬೇಡ’ ಎಂದಳು ಎದುವಿನಾ ವೆಂತೇಯೊ,
ಚಾಕುವಿನಲ್ಲಿ ಚಿಪ್ಪು ಬಿಡಿಸುತ್ತ, ತಲೆ ಎತ್ತದೆ.

ಬರೆದುಕೊಟ್ಟೆ. ನೂರ ನಲವತ್ತು ಸಾಲಿನ ಸ್ಮಾರ್ಟ್ ಕಾಂಟ್ರಾಕ್ಟ್.
ಕಡಲಿಗೆ ನಂಜೇರಿ ಕೊಯ್ಲು ನಿಂತಾಗ ಮಾತ್ರ ತೆರೆಯುವ ನಿಧಿ;
ಕೀಲಿ ಐದು, ತಿರುಗಬೇಕಾದ್ದು ಮೂರು;
ಮೂರೂ ತಿರುಗಿದ ಮೇಲೆ ಎರಡು ದಿನ ಕಾಯುವ ಗಡಿಯಾರ.
ಕದ್ದ ಕೈಗೆ ಅವಸರ, ದುಡಿದ ಕೈ ತಡೆದೀತು ಎಂಬ ಲೆಕ್ಕ.
ಮೊದಲು ಬಾಕಿ ಕಳೆ, ಆಮೇಲೆ ಹಣ ಕೊಡು:
ಈ ಎರಡು ಸಾಲು ಅದಲುಬದಲಾಗಿ
ಒಂದೇ ರಾತ್ರಿಗೆ ಬರಿದಾದ ಬೊಕ್ಕಸಗಳನ್ನು ಬಲ್ಲೆ.
ಮೂರು ವಾರ ಅದನ್ನೇ ಓದಿದೆ,
ಅಕ್ಕಿಯಲ್ಲಿ ಕಲ್ಲು ಆರಿಸುವಂತೆ.

ಹಳೆಯ ಶಾಸನಗಳ ಕೊನೆಗೆ ಒಂದು ಶಾಪವಿರುತ್ತದೆ:
ಇದನಳಿದವನು ಕವಿಲೆಯ ಕೊಂದ ಪಾಪಕ್ಕೆ ಹೋಗುವನು, ಎಂದು.
ನನ್ನದರಲ್ಲಿ ಶಾಪವಿಲ್ಲ. ಬೈಯದು, ಬೇಡದು.
ಷರತ್ತು ಕೂಡದಿದ್ದರೆ ಏನೂ ಆಗಲಿಲ್ಲವೆಂಬಂತೆ
ಹಿಂದಕ್ಕೆ ಸರಿಯುತ್ತದೆ, ಅಷ್ಟೆ.

ನಾಲ್ಕನೆಯ ಬೇಸಿಗೆ ಕಡಲಿಗೆ ನಂಜೇರಿತು.
ಆ ಹೊತ್ತಿಗೆ ಒಂದು ಕೀಲಿ ಲೌತಾರೊ ನವೆಲ್ಕಿನ್ ಜೊತೆ
ಕೊಲ್ಲಿಯ ತಳದಲ್ಲಿತ್ತು.
ಇನ್ನೊಂದರ ಗುಟ್ಟಿನ ಪದಗಳಿದ್ದ ಚೀಟಿಯಿಂದ
ಯಾರೋ ಒಲೆ ಹೊತ್ತಿಸಿದ್ದರು.
ಉಳಿದದ್ದು ಎದುವಿನಾ, ಶಾಲೆಯಲ್ಲಿ ಅಡುಗೆ ಮಾಡುವ ಒತಿಲಿಯಾ,
ಮತ್ತು ಬೆನಿಗ್ನೊ ಬಾರ್ರಿಯಾ.
ಒಂದು ದೋಣಿಹಗ್ಗದ ಜಗಳಕ್ಕೆ ಹನ್ನೊಂದು ವರ್ಷ
ಎದುವಿನಾಳ ಮುಖ ನೋಡದ ಮನುಷ್ಯ.

ನನಗೆ ಫೋನು ಬಂತು.
‘ನೀನೇ ಬರೆದದ್ದಲ್ಲವೇ? ಮೂವರು ಅನ್ನುವ ಕಡೆ ಇಬ್ಬರು ಅಂತ ತಿದ್ದು.’
ಆಗದು ಎಂದೆ. ನನಗೊಂದು ಹಿತ್ತಿಲ ಬಾಗಿಲು ಇಟ್ಟುಕೊಂಡಿದ್ದರೆ
ಕಳ್ಳನಿಗೂ ಅದೇ ಬಾಗಿಲು.
ಅವಳು ಏನೂ ಅನ್ನಲಿಲ್ಲ. ಗಾಳಿಯ ಸದ್ದು ಕೇಳಿತು,
ಆಮೇಲೆ ಅದೂ ಇಲ್ಲ.

ಮುಂದಿನದು ನಾನು ಕಂಡದ್ದಲ್ಲ. ಲೆಡ್ಜರಿನಲ್ಲಿರುವುದು ಇಷ್ಟು:
ಮಂಗಳವಾರ ಸಂಜೆ ಆರೂ ಹತ್ತಕ್ಕೆ ಒಂದು ಸಹಿ,
ಆರೂ ಹನ್ನೊಂದಕ್ಕೆ ಇನ್ನೊಂದು.
ಮೂರನೆಯದು ರಾತ್ರಿ ಒಂದೂವರೆಗೆ.
ನಡುವಿನ ಏಳು ಗಂಟೆಯಲ್ಲಿ
ಯಾರು ಯಾರ ಹೊಸ್ತಿಲಲ್ಲಿ ನಿಂತರು,
ಒಳಗೆ ಬಾ ಎಂದದ್ದು ಎಷ್ಟು ಹೊತ್ತಿಗೆ,
ಹಗ್ಗದ ಮಾತು ಬಂತೋ ಇಲ್ಲವೋ,
ಅದಕ್ಕೆ ನಾನು ಸಾಲು ಬರೆದಿರಲಿಲ್ಲ.